ಹಿಡಿದ ಕೈಯೂ ಯಂತ್ರದ ಭಾಗವೇ

ಸಂಖದಲ್ಲಿ ಕೊಡಲಿ ಕೊಂಡರೆ ಅರ್ಧ ಕೊಡಲಿ ಕೊಂಡಂತೆ. ಅಂಗಡಿಯಲ್ಲಿ ಸಿಗುವುದು ಕಬ್ಬಿಣದ ತಲೆ ಮಾತ್ರ. ಕಾವು ಹಾಕಿಸಲು ಬಡಿಗೇರ ಮನೆಗೇ ಹೋಗಬೇಕು. ಬಡಿಗ ಜಾಲಿ ಕಟ್ಟಿಗೆಯನ್ನು ಬಾಚಿಯಿಂದ ಕೆತ್ತಿ, ಒಂದು ಹದಕ್ಕೆ ಬಂದ ಮೇಲೆ ಕೊಡಲಿಯ ಒಡೆಯನ ಕೈಗೆ ಕೊಡುತ್ತಾನೆ.

“ಹಿಡದ ನೋಡೋ ತಮ್ಮಾ.”

“ದಪ್ಪ ಆಗೇದ ಕಾಕಾ.”

“ದಪ್ಪ ಅಲ್ಲೋ, ನಿನ್ನ ಬಳ್ಳು ಗಿಡ್ಡ ಅದಾವು.”

ಹೀಗೆಂದು ನಕ್ಕು, ಮತ್ತೆ ಬಾಚಿ ಹಿಡಿದು ಎರಡು ಎಳೆ ಕೀಸುತ್ತಾನೆ. ಅಳತೆಪಟ್ಟಿಯ ಸುದ್ದಿಯೇ ಇಲ್ಲ. ಬೆರಳುಗಳು ಕಾವನ್ನು ಸುತ್ತಿ ಬಂದು ಹೆಬ್ಬೆರಳಿನ ಬುಡದ ಹತ್ತಿರ ಎಲ್ಲಿ ನಿಲ್ಲುತ್ತವೆ ಎನ್ನುವುದಷ್ಟೇ ಅವನ ಲೆಕ್ಕ. ಈ ಲೆಕ್ಕಕ್ಕೆ ಪ್ರಯೋಗಾಲಯದ ಅಂಕಿ ಸಿಕ್ಕಿದ್ದು ತೀರಾ ಈಚೆಗೆ. ಕಾಂಗ್ ಮತ್ತು ಲೋವ್ ಎಂಬ ಸಂಶೋಧಕರು ಬೇರೆ ಬೇರೆ ದಪ್ಪದ ಹಿಡಿಕೆಗಳನ್ನು ಜನರ ಕೈಗೆ ಕೊಟ್ಟು, ಬಿಗಿಹಿಡಿತದ ಬಲ ಅಳೆದು, 2005ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ ಒಳ್ಳೆಯ ಹಿಡಿಕೆಯ ವ್ಯಾಸ ಕೈಯ ಉದ್ದದ ಶೇ. 19.7ರಷ್ಟು. ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗೆ 18 ಸೆಂ.ಮೀ. ಉದ್ದದ ಕೈಗೆ ಸುಮಾರು 35 ಮಿ.ಮೀ. ದಪ್ಪದ ಹಿಡಿಕೆ; 20 ಸೆಂ.ಮೀ. ಕೈಗೆ 39 ಮಿ.ಮೀ. ಎರಡರ ನಡುವಿನ ಅಂತರ ಬರೀ 4 ಮಿಲಿಮೀಟರ್. ಆದರೆ ಆ 4 ಮಿಲಿಮೀಟರನ್ನು ಕೈ ಕಣ್ಣುಮುಚ್ಚಿ ಗುರುತಿಸುತ್ತದೆ, ಸಂಜೆ ಹೊತ್ತಿಗೆ ಬೊಬ್ಬೆಯ ಮೂಲಕ ಹೇಳುತ್ತದೆ ಕೂಡ.

ಇನ್ನು ಈ ಅಧ್ಯಾಯದ ವಸ್ತುವಿಗೆ ಬರೋಣ. ಪಿಸ್ತೂಲಿನ ಹಿಡಿಕೆಯನ್ನು ಯಾವ ಬಡಿಗನೂ ಕೀಸಿಕೊಡುವುದಿಲ್ಲ. ಅದು ಕಾರ್ಖಾನೆಯ ಅಚ್ಚಿನಲ್ಲಿ ಲಕ್ಷಗಟ್ಟಲೆ ಒಂದೇ ಅಳತೆಯಲ್ಲಿ ಬೀಳುವ ವಸ್ತು. ಹಾಗಾದರೆ ಹತ್ತು ಜನ ಹತ್ತು ಪಿಸ್ತೂಲು ಹಿಡಿದು ‘ಇದು ನನಗೆ ಒಗ್ಗಿತು, ಅದು ಒಗ್ಗಲಿಲ್ಲ’ ಎನ್ನುವಾಗ ಅವರು ನಿಜವಾಗಿ ಹೇಳುತ್ತಿರುವುದೇನು? ಬರೀ ಮನಸ್ಸಿನ ಇಷ್ಟವೇ, ಇಲ್ಲ ಅಳೆಯಬಹುದಾದ ಸಂಗತಿಯೇ?

ಸಂಖದ ಮಟ್ಟಿಗೆ ಈ ಪ್ರಶ್ನೆ ಬಹುತೇಕರಿಗೆ ದೂರದ್ದು. ಜತ್ತ ತಾಲೂಕಿನ ಈ ಪೂರ್ವದಂಚಿನಲ್ಲಿ ಜನರ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ, ಚಿಂತೆ ಮಳೆಯದ್ದು. ಪಿಸ್ತೂಲು ಕಾಣುವುದೆಂದರೆ ಪೊಲೀಸರ ಸೊಂಟದಲ್ಲಿ. ಸ್ವಂತಕ್ಕೆ ಬೇಕೆಂದರೆ 1959ರ ಆಯುಧ ಕಾಯ್ದೆಯಡಿ ಸಾಂಗ್ಲಿಯ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು, ಕಾರಣ ಕೊಡಬೇಕು, ಪೊಲೀಸ್ ವರದಿ ಬರಬೇಕು. ಇಷ್ಟೆಲ್ಲ ಆದರೂ ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ 9 ಮಿ.ಮೀ. ಪಿಸ್ತೂಲು ನಮ್ಮಲ್ಲಿ ಸಾಮಾನ್ಯ ಪ್ರಜೆಗೆ ನಿಷಿದ್ಧ. ಉಳಿಯುವುದು .32, .22ರಂಥ ಸಣ್ಣ ಬೋರುಗಳು. ಸರಕಾರಿ ಕಾರ್ಖಾನೆಯ ‘ಅಶನಿ’ಯಂಥ ಕೆಲವು ಮಾದರಿಗಳು. 2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಇಲ್ಲ. ಈ ಬಿಗಿ ಇರುವುದು ಒಳ್ಳೆಯದೇ ಎಂದು ನಾನು ನಂಬಿದವನು. ಆ ಚರ್ಚೆ ಇಲ್ಲಿ ಬೇಡ. ಒಟ್ಟಿನಲ್ಲಿ, ಆಯ್ಕೆ ಎನ್ನುವುದು ನಮ್ಮ ಭಾಗದಲ್ಲಿ ಅರ್ಥ ಪಡೆಯುವುದು ಒಂದೇ ಕಡೆ: ಗುರಿಕಾರಿಕೆಯ ಆಟದಲ್ಲಿ. ಅದಕ್ಕೆ ದೂರ ಹೋಗಬೇಕಿಲ್ಲ, ಪಕ್ಕದ ಕೊಲ್ಲಾಪುರವೇ ಸಾಕು. ಅಲ್ಲಿಗೆ ಆಮೇಲೆ ಹೋಗೋಣ. ಮೊದಲು ಯಂತ್ರ.

ಅರೆ-ಸ್ವಯಂಚಾಲಿತ ಪಿಸ್ತೂಲು ಎಂದರೆ ಒಂದು ಗುಂಡಿನ ಬಲದಿಂದಲೇ ಮುಂದಿನ ಗುಂಡಿಗೆ ಸಿದ್ಧವಾಗುವ ಯಂತ್ರ. ಟ್ರಿಗರ್ ಎಳೆದಾಗ ಮದ್ದು ಉರಿದು ಗುಂಡು ಮುಂದಕ್ಕೆ ಹೋಗುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ಅಷ್ಟೇ ಆವೇಗ ಹಿಂದಕ್ಕೂ ಬರುತ್ತದೆ. ಮೇಲ್ಭಾಗದ ಸ್ಲೈಡ್ ಹಿಂದಕ್ಕೆ ಜಾರಿ, ಖಾಲಿ ತೋಟೆಯನ್ನು ಹೊರಕ್ಕೆ ಚಿಮ್ಮಿ, ಸ್ಪ್ರಿಂಗನ್ನು ಅದುಮುತ್ತದೆ. ಸ್ಪ್ರಿಂಗ್ ಅದನ್ನು ಮುಂದಕ್ಕೆ ತಳ್ಳುವಾಗ ಹಿಡಿಕೆಯೊಳಗಿನ ಮ್ಯಾಗಜಿನ್‌ನಿಂದ ಹೊಸ ತೋಟೆ ನಳಿಕೆಗೆ ಸೇರುತ್ತದೆ. ಪ್ರತಿ ಗುಂಡಿಗೂ ಬೆರಳು ಮತ್ತೆ ಟ್ರಿಗರ್ ಎಳೆಯಬೇಕು, ಉಳಿದ ಕೆಲಸ ಯಂತ್ರದ್ದು. ‘ಅರೆ’ ಎನ್ನುವುದು ಅದಕ್ಕೇ.

ಈಗ ಒಂದು ಸೂಕ್ಷ್ಮ ನೋಡಿ. ಸ್ಲೈಡ್ ಹಿಂದಕ್ಕೆ ಹೋಗಬೇಕಾದರೆ ಕೆಳಗಿನ ಚೌಕಟ್ಟು, ಅಂದರೆ ಫ್ರೇಮ್, ನಿಂತ ಕಡೆಯೇ ನಿಲ್ಲಬೇಕು. ಫ್ರೇಮೂ ಸ್ಲೈಡಿನ ಜೊತೆ ಹಿಂದಕ್ಕೆ ಹೊರಟುಬಿಟ್ಟರೆ ಅವೆರಡರ ನಡುವಿನ ಅಂತರ ಪೂರ್ತಿ ತೆರೆದುಕೊಳ್ಳುವುದಿಲ್ಲ, ಸ್ಪ್ರಿಂಗ್ ಪೂರ್ತಿ ಅದುಮಿಕೊಳ್ಳುವುದಿಲ್ಲ, ಖಾಲಿ ತೋಟೆ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಫ್ರೇಮನ್ನು ನಿಲ್ಲಿಸುವವರು ಯಾರು? ಬೇರಾರೂ ಅಲ್ಲ, ಹಿಡಿದ ಕೈ. ಮಣಿಕಟ್ಟು ಸಡಿಲವಿದ್ದವರ ಕೈಯಲ್ಲಿ ಒಳ್ಳೆಯ ಪಿಸ್ತೂಲೂ ಪದೇ ಪದೇ ತಡೆಯುತ್ತದೆ. ಅದೇ ಪಿಸ್ತೂಲು ಮಗ್ಗುಲಲ್ಲಿ ನಿಂತವರ ಕೈಯಲ್ಲಿ ಸುಲಲಿತವಾಗಿ ನಡೆಯುತ್ತದೆ. ರಿವಾಲ್ವರಿನಲ್ಲಿ ಈ ತಾಪತ್ರಯವಿಲ್ಲ, ಅಲ್ಲಿ ಉರುಳೆ ತಿರುಗಿಸುವುದು ಬೆರಳಿನ ಬಲವೇ. ಅರೆ-ಸ್ವಯಂಚಾಲಿತ ಪಿಸ್ತೂಲಿನ ನಕ್ಷೆಯಲ್ಲಿ ಮಾತ್ರ ಕಾಣದ ಒಂದು ಬಿಡಿಭಾಗವಿದೆ. ಅದು ಕಾರ್ಖಾನೆಯಿಂದ ಬರುವುದಿಲ್ಲ, ಬಳಸುವವರು ತಮ್ಮ ತೋಳಿನ ತುದಿಯಲ್ಲಿ ತರುತ್ತಾರೆ. ಕೈಗೆ ಒಗ್ಗುವುದು ಎಂದರೆ ಬರೀ ಹಿತದ ಮಾತಲ್ಲ ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ.

ಲೆಕ್ಕ ಹಾಕಿಯೇ ನೋಡಬಹುದು. 9 ಮಿ.ಮೀ. ಗುಂಡಿನ ತೂಕ ಸುಮಾರು 8 ಗ್ರಾಂ, ವೇಗ ಸೆಕೆಂಡಿಗೆ 360 ಮೀಟರಿನ ಆಸುಪಾಸು. ಜೊತೆಗೆ ಮದ್ದಿನ ಬಿಸಿ ಅನಿಲವೂ ಬಾಯಿಂದ ಹೊರನುಗ್ಗುತ್ತದೆ. ಎರಡೂ ಸೇರಿದ ಆವೇಗವನ್ನು 900 ಗ್ರಾಂ ತೂಕದ ಪಿಸ್ತೂಲಿಗೆ ಹಂಚಿದರೆ, ಹಿಡಿಯುವವರೇ ಇಲ್ಲದಿದ್ದಲ್ಲಿ ಅದು ಗಂಟೆಗೆ 13 ಕಿ.ಮೀ. ವೇಗದಲ್ಲಿ ಹಿಂದಕ್ಕೆ ಹಾರುತ್ತದೆ. ಆಟದ .22 ಪಿಸ್ತೂಲಿನಲ್ಲಿ ಗುಂಡಿನ ತೂಕ ಎರಡೂವರೆ ಗ್ರಾಂ ಚಿಲ್ಲರೆ, ಪಿಸ್ತೂಲಿನ ತೂಕ ಒಂದು ಕಿಲೋಗೂ ಮೇಲೆ. ಅಲ್ಲಿ ಈ ವೇಗ ಗಂಟೆಗೆ 3 ಕಿ.ಮೀ. ಅಷ್ಟೇ. ಇದಲ್ಲದೆ ನಳಿಕೆ ಇರುವುದು ಕೈಗಿಂತ ಮೂರು-ನಾಲ್ಕು ಸೆಂಟಿಮೀಟರ್ ಮೇಲೆ. ಹಾಗಾಗಿ ಒದೆತ ನೇರ ಹಿಂದಕ್ಕೆ ಬರದೆ ಪಿಸ್ತೂಲಿನ ಮೂತಿಯನ್ನು ಮೇಲಕ್ಕೆ ಎತ್ತುತ್ತದೆ. ಹೆಬ್ಬೆರಳು-ತೋರುಬೆರಳುಗಳ ನಡುವಿನ ಸಂದು ಹಿಡಿಕೆಯ ಮೇಲ್ತುದಿಗೆ ಎಷ್ಟು ಹತ್ತಿರ ಕೂರುತ್ತದೋ ಅಷ್ಟು ಈ ಎತ್ತುವಿಕೆ ತಗ್ಗುತ್ತದೆ.

ಕಾಲದ ಲೆಕ್ಕ ಇನ್ನೂ ಸೋಜಿಗದ್ದು. ಗುಂಡು ನಳಿಕೆ ಬಿಡಲು ಒಂದು ಮಿಲಿಸೆಕೆಂಡಿಗೂ ಕಡಿಮೆ ಸಾಕು. ಸ್ಲೈಡ್ ಹೋಗಿ ಬರುವುದು ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ. ಒದೆತ ಬಿತ್ತೆಂದು ಗೊತ್ತಾಗಿ, ಮೆದುಳು ಆಜ್ಞೆ ಕೊಟ್ಟು, ಸ್ನಾಯು ಬಿಗಿಯಾಗಲು 150ರಿಂದ 200 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಕೈ ಆಮೇಲೆ ಸರಿಮಾಡಿಕೊಳ್ಳುತ್ತೇನೆ ಅಂದರೆ ಅದಕ್ಕೆ ಅವಕಾಶವೇ ಇಲ್ಲ. ಟ್ರಿಗರ್ ಬೀಳುವ ಮೊದಲೇ ಅದು ಸರಿಯಾದ ಜಾಗದಲ್ಲಿರಬೇಕು.

ಇಷ್ಟಕ್ಕೇ ಮುಗಿಯದು. ಪಿಸ್ತೂಲು ಒಂದೇ ಕೈಗೆ ಎರಡು ವಿರುದ್ಧ ಕೆಲಸ ಹಚ್ಚುತ್ತದೆ. ಬ್ರಿಟನ್ನಿನ ಅಂಗರಚನಾ ವಿಜ್ಞಾನಿ ಜಾನ್ ನೇಪಿಯರ್ 1956ರಲ್ಲಿ ಮನುಷ್ಯನ ಹಿಡಿತವನ್ನು ಎರಡಾಗಿ ವಿಂಗಡಿಸಿದ: ಬಲದ ಹಿಡಿತ, ನಯದ ಹಿಡಿತ. ಕೊಡಲಿಯದು ಬಲದ್ದು, ಸೂಜಿಯದು ನಯದ್ದು. (ಇದೇ ನೇಪಿಯರ್ 1964ರಲ್ಲಿ ಲೂಯಿ ಲೀಕಿ, ಫಿಲಿಪ್ ಟೋಬಿಯಾಸ್ ಜೊತೆ ಸೇರಿ ‘ಹೋಮೋ ಹ್ಯಾಬಿಲಿಸ್’ ಎಂಬ ಪ್ರಾಚೀನ ಮಾನವನಿಗೆ ಹೆಸರಿಟ್ಟವನು. ಕೈ ಬಲ್ಲವನಿಗೆ ಕಲ್ಲಿನ ಆಯುಧ ಮಾಡಿದವನ ಕೈಮೂಳೆ ಸಿಕ್ಕಿದ್ದು ಯೋಗ್ಯವೇ.) ಪಿಸ್ತೂಲು ಹಿಡಿದಾಗ ನಡುಬೆರಳು, ಉಂಗುರ ಬೆರಳು, ಕಿರುಬೆರಳು ಬಲದ ಹಿಡಿತದಲ್ಲಿರುತ್ತವೆ, ಅದೇ ಹೊತ್ತಿಗೆ ತೋರುಬೆರಳು ನಯದ ಕೆಲಸ ಮಾಡಬೇಕು. ಅದಕ್ಕೆ ಶರೀರದ ಜೋಡಣೆ ಅಡ್ಡ ಬರುತ್ತದೆ. ಬೆರಳು ಮಡಚುವ ಆಳದ ಸ್ನಾಯು ಇರುವುದು ಬೆರಳಲ್ಲಲ್ಲ, ಮುಂಗೈಯಲ್ಲಿ. ಕೊನೆಯ ಮೂರು ಬೆರಳುಗಳ ಹುರಿಗಳು ಬಹುಮಟ್ಟಿಗೆ ಒಂದೇ ಸ್ನಾಯುರಾಶಿಗೆ ಸೇರಿವೆ. ತೋರುಬೆರಳಿಗೆ ಸ್ವಲ್ಪ ಸ್ವಾತಂತ್ರ್ಯವಿದೆ, ಪೂರ್ತಿ ಇಲ್ಲ. ಒಂದು ಬೆರಳು ಒತ್ತಿದರೆ ಉಳಿದವೂ ತಮಗೆ ಗೊತ್ತಿಲ್ಲದೆ ಒತ್ತುತ್ತವೆ. ಅಂಗೈಯಲ್ಲಿ ಒಂದು ಬಟ್ಟೆಯ ಉಂಡೆ ಹಿಡಿದು ತೋರುಬೆರಳನ್ನು ಮಾತ್ರ ಜೋರಾಗಿ ಮಡಚಿ ನೋಡಿ, ಉಳಿದ ಬೆರಳುಗಳ ಬಿಗಿತ ಅರಿವಿಗೆ ಬರುತ್ತದೆ.

ಈ ಒತ್ತಡ ಸಣ್ಣದಲ್ಲ. ಗ್ಲಾಕ್ 17 ಪಿಸ್ತೂಲಿನ ಟ್ರಿಗರ್ ಎಳೆಯಲು ಸುಮಾರು 28 ನ್ಯೂಟನ್, ಅಂದರೆ 2.8 ಕಿಲೋ ಭಾರ ಎತ್ತುವಷ್ಟು ಬಲ ಬೇಕು. ತುಂಬಿದ ಪಿಸ್ತೂಲಿನ ತೂಕ 900 ಗ್ರಾಂ ಸುಮಾರು. ವಸ್ತುವಿನ ತೂಕದ ಮೂರು ಪಟ್ಟು ಬಲವನ್ನು ಅದರ ಮೇಲೆಯೇ ಹಾಕಿ, ವಸ್ತು ಅಲುಗದಂತೆ ನೋಡಿಕೊಳ್ಳಬೇಕು. ಬಲ ನೇರ ಹಿಂದಕ್ಕೆ ಬಂದರೆ ಅಂಗೈ ಅದನ್ನು ತಡೆದುಕೊಳ್ಳುತ್ತದೆ. ಹತ್ತರಲ್ಲಿ ಒಂದು ಪಾಲು ಪಕ್ಕಕ್ಕೆ ತಿರುಗಿದರೂ ಮೂತಿ ಸರಿಯುತ್ತದೆ. ಎಷ್ಟು ಸರಿದರೆ ಗುರಿ ತಪ್ಪುತ್ತದೆ? 25 ಮೀಟರ್ ನಿಖರ ಗುರಿಯ ಫಲಕದಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 50 ಮಿ.ಮೀ. ಪಿಸ್ತೂಲಿನ ಹಿಂದಿನ ಸೀಳಿಗೂ ಮುಂದಿನ ಕಣ್ಣಿಗೂ ನಡುವಿನ ಅಂತರ ಆಟದ ಪಿಸ್ತೂಲಿನಲ್ಲಿ ಹೆಚ್ಚೆಂದರೆ 220 ಮಿ.ಮೀ. ಸರಳ ತ್ರಿಭುಜದ ಲೆಕ್ಕ: ಮುಂದಿನ ಕಣ್ಣು 0.22 ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುಂಡಿನ ನಡುಭಾಗ ಆ ವೃತ್ತದ ಅಂಚಿಗೆ ಹೋಗಿರುತ್ತದೆ. ಕಾಲು ಮಿಲಿಮೀಟರೂ ಇಲ್ಲ!

ಹಾಗಾಗಿ ಪಿಸ್ತೂಲಿನ ಅಳತೆಗಳಲ್ಲಿ ಕೈಗೆ ಎಲ್ಲಕ್ಕಿಂತ ಮುಖ್ಯವಾದದ್ದು ನಳಿಕೆಯ ಉದ್ದವೂ ಅಲ್ಲ, ಒಟ್ಟು ತೂಕವೂ ಅಲ್ಲ. ಹಿಡಿಕೆಯ ಬೆನ್ನಿನಿಂದ ಟ್ರಿಗರಿನವರೆಗಿನ ದೂರ. ಗ್ಲಾಕ್ 17ರಲ್ಲಿ ಅದು 70 ಮಿ.ಮೀ. ಪಿಸ್ತೂಲು ಮುಂಗೈಯ ನೇರಕ್ಕೆ ಕೂತಾಗ ತೋರುಬೆರಳಿನ ಮೊದಲ ಗಿಣ್ಣಿನ ಮೆತ್ತೆ ಟ್ರಿಗರಿನ ಮೇಲೆ ಸಲೀಸಾಗಿ ಬೀಳಬೇಕು. ಬೆರಳು ಗಿಡ್ಡವಾದರೆ ಜನ ಏನು ಮಾಡುತ್ತಾರೆ? ಪಿಸ್ತೂಲನ್ನೇ ಅಂಗೈಯಲ್ಲಿ ಒಂದಿಷ್ಟು ತಿರುಗಿಸಿಕೊಳ್ಳುತ್ತಾರೆ. ಟ್ರಿಗರ್ ಎಟುಕುತ್ತದೆ ನಿಜ. ಆದರೆ ಹಿಡಿಕೆಯ ಬೆನ್ನು ಈಗ ಅಂಗೈಯ ನಡುವೆ ಇಲ್ಲ, ಹೆಬ್ಬೆರಳಿನ ಗೆಣ್ಣಿನ ಮೇಲಿದೆ. ಒದೆತವೆಲ್ಲ ಒಂದೇ ಗೆಣ್ಣಿಗೆ ಬೀಳುತ್ತದೆ, ಮಣಿಕಟ್ಟಿನ ಆಸರೆ ತಪ್ಪುತ್ತದೆ, ಬೆರಳು ಟ್ರಿಗರನ್ನು ಓರೆಯಾಗಿ ಎಳೆಯುತ್ತದೆ. ಮೇಲೆ ಹೇಳಿದ ಕೆಡುಕುಗಳೆಲ್ಲ ಒಟ್ಟಿಗೇ ಬಂದವು.

ಇದನ್ನು ಸೈನ್ಯಗಳು ಕಲಿತದ್ದು ಯುದ್ಧ ಮುಗಿದ ಮೇಲೆ. ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ .45 ಪಿಸ್ತೂಲನ್ನು ಅಮೆರಿಕದ ಸೈನ್ಯ 1911ರಲ್ಲಿ ಸ್ವೀಕರಿಸಿತು. ಒಂದು ಕಿಲೋ ದಾಟಿದ ಗಟ್ಟಿಮುಟ್ಟು ಆಯುಧ. ಮೊದಲ ಮಹಾಯುದ್ಧದಲ್ಲಿ ಲಕ್ಷಾಂತರ ಸಾಮಾನ್ಯ ಯುವಕರ ಕೈಗೆ ಅದು ಹೋದಾಗ ಟ್ರಿಗರ್ ದೂರವಾಯಿತು, ಹಿಂದಿನ ಸುತ್ತಿಗೆ ಕೈಯ ಸಂದನ್ನು ಕಚ್ಚುತ್ತದೆ ಎಂಬ ದೂರುಗಳು ಬಂದವು. 1920ರ ದಶಕದ ಮಧ್ಯದಲ್ಲಿ ಅದನ್ನು ತಿದ್ದಿ ಎಂ1911ಎ1 ಎಂದು ಕರೆದರು. ಒಳಗಿನ ಯಂತ್ರವನ್ನು ಬಹುಪಾಲು ಮುಟ್ಟಲಿಲ್ಲ. ಟ್ರಿಗರನ್ನು ಗಿಡ್ಡ ಮಾಡಿದರು, ಟ್ರಿಗರಿನ ಹಿಂದೆ ಫ್ರೇಮಿನ ಎರಡೂ ಬದಿಗೆ ಬೆರಳು ಕೂರಲು ತಗ್ಗು ಕೊರೆದರು, ಹಿಡಿಕೆಯ ಬೆನ್ನಿಗೆ ಕೆಳಗೆ ಉಬ್ಬು ಕೊಟ್ಟರು, ಸುತ್ತಿಗೆಯ ಕೆಳಗಿನ ನಾಲಿಗೆಯನ್ನು ಉದ್ದ ಮಾಡಿದರು. ತಿದ್ದಿದ್ದೆಲ್ಲ ಕೈಗಾಗಿ.

ಬ್ರೌನಿಂಗ್ 1926ರಲ್ಲಿ ತೀರಿಕೊಂಡ. ಅವನು ಶುರುಮಾಡಿದ್ದ ಇನ್ನೊಂದು ಪಿಸ್ತೂಲನ್ನು ಬೆಲ್ಜಿಯಂನ ದ್ಯುದೊನೆ ಸೇವ್ ಮುಗಿಸಿದ, 1935ರಲ್ಲಿ ಅದು ‘ಹೈ ಪವರ್’ ಆಗಿ ಬಂತು. ಅದರ ಹಿಡಿಕೆಯಲ್ಲಿ ತೋಟೆಗಳು ಒಂದೇ ಸಾಲಲ್ಲ, ಎಡಬಲ ಸರಿದು ಎರಡು ಸಾಲಾಗಿ ಕೂರುತ್ತವೆ. ಹದಿಮೂರು ತೋಟೆ ಹಿಡಿಸುತ್ತದೆ. ಸಾಲು ಎರಡಾದರೆ ಹಿಡಿಕೆ ದಪ್ಪವಾಗಲೇಬೇಕು. ಆದರೂ ಸೇವ್ ಅದನ್ನು ಎಷ್ಟು ತೆಳ್ಳಗೆ ಉಳಿಸಿದನೆಂದರೆ ತೊಂಬತ್ತು ವರ್ಷದ ಮೇಲೂ ಜನ ಅದರ ಹಿಡಿತವನ್ನು ಹೊಗಳುತ್ತಾರೆ. ನಮ್ಮ ಇಷಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾಗುವ ‘ಪಿಸ್ಟಲ್ ಆಟೋ 9 ಮಿ.ಮೀ. 1ಎ’ ಇದರದ್ದೇ ಸಂತತಿ. ಭಾರತದ ಸೈನಿಕರೂ ಪೊಲೀಸರೂ ದಶಕಗಳಿಂದ ಹಿಡಿದದ್ದು ಇದನ್ನೇ. ನಿಮಗೆ ಯಾವುದು ಒಗ್ಗುತ್ತದೆ ಎಂದು ಅವರನ್ನು ಯಾರೂ ಕೇಳಿರಲಿಕ್ಕಿಲ್ಲ. ಸರಕಾರಿ ಬೂಟಿಗಾದರೂ ನಂಬರು ಉಂಟು, ಪಿಸ್ತೂಲಿಗೆ ಇರಲಿಲ್ಲ.

ನಂಬರು ಬಂದದ್ದು ತೊಂಬತ್ತರ ದಶಕದ ಕೊನೆಗೆ. ಜರ್ಮನಿಯ ವಾಲ್ಥರ್ ಕಂಪನಿ ತನ್ನ ಪಿ99 ಪಿಸ್ತೂಲಿನಲ್ಲಿ ಹಿಡಿಕೆಯ ಬೆನ್ನನ್ನು ಮಾತ್ರ ಕಳಚಿ ಸಣ್ಣದು, ನಡುವಿನದು, ದೊಡ್ಡದು ಹಾಕಿಕೊಳ್ಳುವ ಏರ್ಪಾಡು ಮಾಡಿತು. ಆ ಹಿಡಿಕೆಯ ಆಕಾರ ಕೊಟ್ಟವನು ಚೆಸಾರೆ ಮೊರಿನಿ. ಒಲಿಂಪಿಕ್ ಗುರಿಕಾರರ ಪಿಸ್ತೂಲುಗಳಿಗೆ ಹೆಸರಾದವನು. ಆಟದ ಮೈದಾನದಲ್ಲಿ ಕಲಿತದ್ದು ಪೊಲೀಸರ ಸೊಂಟಕ್ಕೆ ಬಂದ ಅಪರೂಪದ ದಾರಿ ಇದು. 2010ರ ಹೊತ್ತಿಗೆ ಗ್ಲಾಕ್ ಕೂಡ ಅದೇ ಜಾಡು ಹಿಡಿಯಿತು. 2017ರಲ್ಲಿ ಅಮೆರಿಕದ ಸೈನ್ಯ ಆರಿಸಿದ ಸಿಗ್ ಪಿ320ರಲ್ಲಿ ಹಿಡಿಕೆಯ ಇಡೀ ಕವಚವನ್ನೇ ಬದಲಿಸಬಹುದು.

ಇಲ್ಲಿ ಒಂದು ಗಟ್ಟಿ ಮೂಢನಂಬಿಕೆಯನ್ನು ಎತ್ತಬೇಕು. ಸಣ್ಣ ಕೈಗೆ ಸಣ್ಣ ಪಿಸ್ತೂಲು, ಹೆಣ್ಣುಮಕ್ಕಳಿಗೆ ಹಗುರ ಪಿಸ್ತೂಲು ಎಂಬ ಮಾತು. 2014ರ ಜನವರಿಯಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆ ‘ನಿರ್ಭೀಕ್’ ಎಂಬ .32 ರಿವಾಲ್ವರನ್ನು ಮಹಿಳೆಯರಿಗೆಂದೇ ಬಿಡುಗಡೆ ಮಾಡಿತು. ತೂಕ ಸುಮಾರು 500 ಗ್ರಾಂ, ಆಗಿನ ಬೆಲೆ ₹1.22 ಲಕ್ಷ. ವ್ಯಾನಿಟಿ ಬ್ಯಾಗಿನಲ್ಲಿ ಹಿಡಿಸುತ್ತದೆ ಎಂಬುದೇ ಅದರ ಹೆಗ್ಗಳಿಕೆ. ಬ್ಯಾಗಿಗೆ ಒಳ್ಳೆಯದೇ. ಕೈಯ ಲೆಕ್ಕ ಬೇರೆ. ಅದೇ ತೋಟೆಯನ್ನು 700 ಗ್ರಾಮಿನ ಬಂದೂಕಿನ ಬದಲು 500 ಗ್ರಾಮಿನದರಲ್ಲಿ ಹಾರಿಸಿದರೆ ಆವೇಗ ಅಷ್ಟೇ ಇರುತ್ತದೆ, ಒದೆತದ ಶಕ್ತಿ ಮಾತ್ರ 1.4 ಪಟ್ಟು ಆಗುತ್ತದೆ. ಹಗುರಾದಷ್ಟೂ ಒದೆತ ಹೆಚ್ಚು. ಅರೆ-ಸ್ವಯಂಚಾಲಿತದಲ್ಲಿ ಇನ್ನೊಂದು ತೊಡಕು: ಸ್ಲೈಡ್ ಚಿಕ್ಕದಾದರೆ ಅದನ್ನು ತಡೆಯಲು ಸ್ಪ್ರಿಂಗ್ ಗಡುಸಾಗಬೇಕು. ಗ್ಲಾಕ್ 17ರ ಸ್ಪ್ರಿಂಗಿಗೆ ಏಳೂವರೆ ಕಿಲೋ ಮೇಲೆ ಬಲ ಬೇಕು. ಅದಕ್ಕಿಂತ ಚಿಕ್ಕ ಎಷ್ಟೋ ಪಿಸ್ತೂಲುಗಳ ಸ್ಲೈಡ್ ಎಳೆಯುವುದು ಇನ್ನೂ ಕಷ್ಟ. ಹೆಂಗಸರ ಬಿಗಿಹಿಡಿತದ ಬಲ ಸರಾಸರಿಯಲ್ಲಿ ಗಂಡಸರದರ ಅರವತ್ತು ಪ್ರತಿಶತದ ಆಸುಪಾಸು, ಕೈಯ ಉದ್ದ ಒಂದು-ಒಂದೂವರೆ ಸೆಂ.ಮೀ. ಕಡಿಮೆ. ಅಂದರೆ ಅವರಿಗೆ ಬೇಕಾದದ್ದು ಟ್ರಿಗರ್ ಹತ್ತಿರವಿರುವ, ಹಿಡಿಕೆ ತೆಳ್ಳಗಿರುವ, ಆದರೆ ತೂಕ ಸಾಕಷ್ಟಿರುವ ವಸ್ತು. ಅಂಗಡಿಯವರು ತೋರಿಸುವುದು ಇದರ ತದ್ವಿರುದ್ಧ.

ನಮ್ಮ ಭಾಗದ ದ್ರಾಕ್ಷಿ ತೋಟಗಳಲ್ಲೂ ಇದೇ ಕತೆ. ಚಾಟ್ನಿ, ಅಂದರೆ ಬಳ್ಳಿ ಸವರುವ ಹೊತ್ತಿಗೆ ಹೆಣ್ಣಾಳುಗಳ ಕೈಗೆ ಬರುವ ಕತ್ತರಿ ಗಂಡಸರ ಅಳತೆಯದ್ದು. ಹಿಡಿಕೆಗಳು ಪೂರ್ತಿ ಬಿಚ್ಚಿದಾಗ ಕಿರುಬೆರಳು ಎಟುಕುವುದಿಲ್ಲ, ಮೂರೇ ಬೆರಳಲ್ಲಿ ದಿನವಿಡೀ ಒತ್ತಬೇಕು. ಮನುಷ್ಯನ ಹಿಡಿತದ ಬಲ ಅತಿ ಹೆಚ್ಚಾಗಿರುವುದು ಹಿಡಿಕೆಗಳ ಅಂತರ ಸುಮಾರು 5 ಸೆಂ.ಮೀ. ಇದ್ದಾಗ, ಅಲ್ಲಿಂದ ಅಗಲವಾದಷ್ಟೂ ಬಲ ಕುಸಿಯುತ್ತದೆ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆ ಹೊಲದಲ್ಲಿ ದುಡಿಯುವ ಗಂಡಸರ, ಹೆಂಗಸರ ಮೈ-ಕೈ ಅಳತೆಗಳನ್ನು ದೇಶದಾದ್ಯಂತ ಕಲೆಹಾಕಿ ಪ್ರಕಟಿಸಿದೆ. ಕತ್ತರಿ ಮಾಡುವವರು ಆ ಪುಸ್ತಕ ತೆರೆದು ನೋಡಿದರೆ ಸಾಕಿತ್ತು.

ಅಳತೆಯ ಮಾತು ಒಂದೆಡೆಯಿರಲಿ, ದೊಡ್ಡ ಗುಂಡಿನ ಮೋಹಕ್ಕೆ ಅಮೆರಿಕದ ಎಫ್‌ಬಿಐ ತೆತ್ತ ಬೆಲೆ ನೋಡಿ. 1986ರಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಅದರ ಇಬ್ಬರು ಏಜೆಂಟರು ಸತ್ತರು. ಗುಂಡಿಗೆ ಬಲ ಸಾಲಲಿಲ್ಲ ಎಂದು ತೀರ್ಮಾನಿಸಿ 10 ಮಿ.ಮೀ. ಪಿಸ್ತೂಲಿಗೆ ಹೋದರು. ಪಿಸ್ತೂಲು ದಪ್ಪ, ಒದೆತ ಜೋರು, ಬಹಳ ಜನರಿಗೆ ಅದು ಕೈಗೇ ಹತ್ತಲಿಲ್ಲ. ತೋಟೆಯ ಬಲ ತಗ್ಗಿಸಿದರು; ತಗ್ಗಿಸಿದ ಮೇಲೆ ಅಷ್ಟು ಉದ್ದದ ತೋಟೆ ಏಕೆ ಎಂದು ಅದನ್ನು ಗಿಡ್ಡ ಮಾಡಿದ್ದೇ 1990ರಲ್ಲಿ ಬಂದ .40 ತೋಟೆ. ಅದೂ ಕೊನೆಗೆ ಬೇಡವಾಯಿತು. 2015ರ ಹೊತ್ತಿಗೆ ಎಫ್‌ಬಿಐ ಮತ್ತೆ 9 ಮಿ.ಮೀ.ಗೆ ಮರಳಿತು. ಗುಂಡುಗಳ ತಯಾರಿಕೆ ಅಷ್ಟರಲ್ಲಿ ಸುಧಾರಿಸಿತ್ತು ಎನ್ನುವುದು ಒಂದು ಕಾರಣ. ಹೆಚ್ಚಿನ ಏಜೆಂಟರು ಅದರಲ್ಲೇ ಬೇಗ, ನಿಖರವಾಗಿ ಹೊಡೆಯುತ್ತಾರೆ ಎನ್ನುವುದು ಇನ್ನೊಂದು. ಸುಮಾರು ಮೂವತ್ತು ವರ್ಷ ಸುತ್ತಿ ಬಂದದ್ದು ಕೈ ಒಪ್ಪಿದ ಜಾಗಕ್ಕೆ.

ಹಾಗಾದರೆ ಇಷ್ಟ ಎನ್ನುವುದಕ್ಕೆ ಜಾಗವೇ ಇಲ್ಲವೇ? ಇದೆ, ಆದರೆ ನಾವು ಅಂದುಕೊಂಡ ಕಡೆ ಅಲ್ಲ. ಹಿಡಿಕೆ ನಳಿಕೆಗೆ ಎಷ್ಟು ಓರೆಯಾಗಿದೆ ಎನ್ನುವುದನ್ನೇ ತೆಗೆದುಕೊಳ್ಳಿ. 1911ರ ಪಿಸ್ತೂಲಿನಲ್ಲಿ ಈ ಓರೆ ಸುಮಾರು 18 ಡಿಗ್ರಿ, ಗ್ಲಾಕಿನಲ್ಲಿ 22. ಹಳೆಯದನ್ನು ರೂಢಿ ಮಾಡಿಕೊಂಡವರು ಕಣ್ಣುಮುಚ್ಚಿ ಗ್ಲಾಕನ್ನು ಎತ್ತಿ, ಕಣ್ಣು ಬಿಟ್ಟು ನೋಡಿದರೆ ಅದರ ಮೂತಿ ಆಕಾಶ ನೋಡುತ್ತಿರುತ್ತದೆ. ಗ್ಲಾಕಿನಲ್ಲೇ ಕಲಿತವರಿಗೆ 1911 ನೆಲ ನೋಡುತ್ತದೆ. ‘ಇದು ನನ್ನ ಕೈಗೆ ಹುಟ್ಟಿಬಂದಂತಿದೆ’ ಎಂದು ಇಬ್ಬರೂ ಆಣೆ ಮಾಡಿ ಹೇಳುತ್ತಾರೆ. ಮಣಿಕಟ್ಟಿನ ಕೀಲು ಇಬ್ಬರದ್ದೂ ಒಂದೇ ಥರ. ಬೇರೆಯಾದದ್ದು ಅದಕ್ಕೆ ಬಿದ್ದ ರೂಢಿ. ಟ್ರಿಗರಿನ ದೂರವನ್ನು ರೂಢಿ ಬದಲಿಸಲಾರದು, ಮೂಳೆ ಬೆಳೆಯುವುದಿಲ್ಲ. ಓರೆಯನ್ನು ರೂಢಿ ಕೆಲವು ವಾರಗಳಲ್ಲಿ ಬದಲಿಸುತ್ತದೆ. ಅಂಗಡಿಯ ಕಟ್ಟೆಯ ಮುಂದೆ ನಿಂತು ಎರಡು ನಿಮಿಷ ಹಿಡಿದು ನೋಡುವವರ ಕೈ ಈ ಎರಡನ್ನೂ ಬೆರೆಸಿ ಒಂದೇ ಉತ್ತರ ಕೊಡುತ್ತದೆ. ಹಿತ ಎನ್ನಿಸುವ ಮೆತ್ತಗಿನ, ತುಂಬಿದ ಹಿಡಿಕೆಯಲ್ಲಿ ಬೆರಳು ಟ್ರಿಗರಿಗೆ ಎಟುಕದೆಯೂ ಇರಬಹುದು. ಒರಟು, ಚಪ್ಪಟೆ ಎನ್ನಿಸಿದ್ದು ಐವತ್ತನೇ ಗುಂಡಿಗೂ ಕೈಯಲ್ಲಿ ಜಾರದೆ ಕೂತಿರಬಹುದು. ಮೊದಲ ಹಿಡಿತದ ಸಾಕ್ಷ್ಯವನ್ನು ನಾನು ನಂಬುವುದಿಲ್ಲ. ಖಾಲಿ ಎಂದು ಎರಡೆರಡು ಸಲ ಪರೀಕ್ಷಿಸಿದ ಪಿಸ್ತೂಲನ್ನು ಹಿಡಿಸಿ, ಮುಂಗೈ ಮತ್ತು ನಳಿಕೆ ಒಂದೇ ಗೆರೆಯಲ್ಲಿವೆಯೇ, ಬೆರಳ ಮೆತ್ತೆ ಎಲ್ಲಿ ಬಿತ್ತು ಎಂದು ಮೇಲಿನಿಂದ ನೋಡುವ ತರಬೇತುದಾರನ ಕಣ್ಣನ್ನು ನಂಬುತ್ತೇನೆ.

ಈಗ ಕೊಲ್ಲಾಪುರ. ಈ ಊರು ಕುಸ್ತಿಗೆ ಹೆಸರಾದದ್ದು. ಈ ಶತಮಾನದಲ್ಲಿ ಗುರಿಕಾರಿಕೆಗೂ ಆಯಿತು. ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್‌ನಲ್ಲಿ 50 ಮೀಟರ್ ರೈಫಲಿನ ವಿಶ್ವ ಚಾಂಪಿಯನ್ ಆದಳು. ಜಿಲ್ಲೆಯ ಕಾಂಬಳವಾಡಿಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ರೈಫಲಿನಲ್ಲೇ ಕಂಚು ತಂದ. ನಮ್ಮ ವಿಷಯಕ್ಕೆ ಬೇಕಾದವಳು ರಾಹಿ ಸರನೋಬತ್. ಅವಳ ಆಟ 25 ಮೀಟರ್ ಪಿಸ್ತೂಲು, ಅಂದರೆ .22 ಬೋರಿನ ಅರೆ-ಸ್ವಯಂಚಾಲಿತ. 2013ರ ಚಾಂಗ್ವಾನ್ ವಿಶ್ವಕಪ್ಪಿನಲ್ಲಿ ಚಿನ್ನ. ನಡುವೆ ಮೊಣಕೈ ನೋವು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ, ಪಾಲೆಂಬಾಂಗ್‌ನಲ್ಲಿ, ಥಾಯ್ಲೆಂಡಿನ ಎದುರಾಳಿಯ ಜೊತೆ ಸಮವಾಗಿ, ಶೂಟ್-ಆಫ್ ಗೆದ್ದು ಮತ್ತೆ ಚಿನ್ನ. ಏಷ್ಯನ್ ಕ್ರೀಡಾಕೂಟದ ಗುರಿಕಾರಿಕೆಯಲ್ಲಿ ಚಿನ್ನ ಗೆದ್ದ ಮೊದಲ ಭಾರತೀಯ ಮಹಿಳೆ ಅವಳು.

ಈ ಆಟದ ಎರಡನೆಯ ಹಂತ ಕೈಯ ಹೊಂದಿಕೆಗೆ ಇಟ್ಟ ಪರೀಕ್ಷೆಯೇ ಸರಿ. ತೋಳು ಕೆಳಗೆ ಚಾಚಿ 7 ಸೆಕೆಂಡು ಕಾಯಬೇಕು. ಹಸಿರು ದೀಪ ಹತ್ತಿದ ಮೇಲೆ ಸಿಗುವುದು 3 ಸೆಕೆಂಡು. ಅಷ್ಟರಲ್ಲಿ ಒಂದೇ ಕೈಯಲ್ಲಿ ಪಿಸ್ತೂಲು ಎತ್ತಿ, ಗುರಿ ಕೂರಿಸಿ, ಒಂದು ಗುಂಡು ಹಾರಿಸಿ ಮತ್ತೆ ಇಳಿಸಬೇಕು. ಹೀಗೆ ಐದೈದು ಸಲ. ತೋಳು ಮೇಲೆ ಬಂದಾಗ ಮುಂದಿನ ಕಣ್ಣು ಹಿಂದಿನ ಸೀಳಿನಲ್ಲಿ ತಾನಾಗಿಯೇ ಕೂತಿರಬೇಕು. ಮಣಿಕಟ್ಟು ತಿರುವಿ ಹುಡುಕುತ್ತ ಕೂತರೆ ಹೊತ್ತು ಮೀರಿತು. ಇಂಥ ಪಿಸ್ತೂಲುಗಳ ಹಿಡಿಕೆ ಸಾಮಾನ್ಯವಾಗಿ ಅಕ್ರೋಟು ಮರದ್ದು, ಬೆರಳುಗಳ ತಗ್ಗು, ಅಂಗೈಯ ಉಬ್ಬು, ತಳದಲ್ಲಿ ಮೇಲೆ-ಕೆಳಗೆ ಸರಿಯುವ ಒಂದು ಹಲಗೆ. ಸಣ್ಣ, ನಡು, ದೊಡ್ಡ ಎಂದು ಅಳತೆಯಲ್ಲಿ ಬರುತ್ತದೆ. ಅದು ಬರೀ ಆರಂಭ.

ಮುಂದಿನದು ಅರದ ಕೆಲಸ. ಅಂಗೈಗೆ ಸೀಮೆಸುಣ್ಣದ ಪುಡಿ ಬಳಿದು ಹಿಡಿಕೆ ಹಿಡಿದು ಬಿಡುತ್ತಾರೆ. ಪುಡಿ ಹತ್ತಿದ ಕಡೆ ಕೈ ತಾಕುತ್ತಿದೆ, ಹತ್ತದ ಕಡೆ ಪೊಳ್ಳು. ಹೆಚ್ಚು ಒತ್ತುವ ಜಾಗವನ್ನು ಅರದಿಂದ ಉಜ್ಜುತ್ತಾರೆ, ಪೊಳ್ಳಿದ್ದಲ್ಲಿ ಮರಕ್ಕೆ ಹಾಕುವ ಪುಟ್ಟಿ ತುಂಬುತ್ತಾರೆ. ಒಣಗಿದ ಮೇಲೆ ಮತ್ತೆ ಪುಡಿ, ಮತ್ತೆ ಅರ. ಬೆಳಿಗ್ಗೆ ಸರಿಯಾದದ್ದು ಮಧ್ಯಾಹ್ನ ಬಿಗಿಯೆನ್ನಿಸುತ್ತದೆ, ಬಿಸಿಲಿಗೆ ಕೈ ಊದುತ್ತದೆ. ಅದಕ್ಕೂ ಒಂದು ಕೂದಲೆಳೆ ಜಾಗ ಬಿಡಬೇಕು. ಬೆಂಗಳೂರಿನ ಪ್ರಕಾಶ್ ನಂಜಪ್ಪ ಆಡುತ್ತಿದ್ದ 50 ಮೀಟರ್ ಪಿಸ್ತೂಲಿನಲ್ಲಂತೂ ಹಿಡಿಕೆ ಇಡೀ ಕೈಯನ್ನು ಸುತ್ತುವರಿಯುತ್ತಿತ್ತು, ಒಳಗೆ ಕೈ ತೂರಿಸಿಕೊಳ್ಳಬೇಕು. ರಿಯೋದ ನಂತರ ಆ ಸ್ಪರ್ಧೆಯನ್ನು ಒಲಿಂಪಿಕ್ಸ್‌ನಿಂದ ಕೈಬಿಟ್ಟರು.

25 ಮೀಟರ್ ಸ್ಪರ್ಧೆಯಲ್ಲಿ ಅಷ್ಟು ಸ್ವಾತಂತ್ರ್ಯವಿಲ್ಲ. ಹಿಡಿಕೆ ಮಣಿಕಟ್ಟಿಗೆ ಆಸರೆ ಕೊಡಕೂಡದು. ಸ್ಪರ್ಧೆಗೆ ಮೊದಲು ಪಿಸ್ತೂಲನ್ನು 300, 150, 50 ಮಿ.ಮೀ. ಒಳ ಅಳತೆಯ ಒಂದು ಪೆಟ್ಟಿಗೆಯಲ್ಲಿ ಇಟ್ಟು ನೋಡುತ್ತಾರೆ, ತೂಗುತ್ತಾರೆ: 1,400 ಗ್ರಾಂ ಮೀರಬಾರದು. ಆಮೇಲೆ ಮೂತಿ ಮೇಲೆ ಮಾಡಿ ಟ್ರಿಗರಿಗೆ ಒಂದು ಕಿಲೋ ಬಟ್ಟು ನೇತುಹಾಕಿ ಎತ್ತುತ್ತಾರೆ. ಟ್ರಿಗರ್ ಬಿಟ್ಟುಕೊಟ್ಟರೆ ಆಡುವಂತಿಲ್ಲ, ಸ್ಕ್ರೂ ತಿರುಗಿಸಿಕೊಂಡು ಮತ್ತೆ ಬರಬೇಕು. ಪುಟ್ಟಿ ಹೆಚ್ಚಾಗಿ ಹಿಡಿಕೆ ಪೆಟ್ಟಿಗೆಯ ಬದಿಗೆ ತಗುಲಿದರೆ, ಅಲ್ಲೇ ಮೂಲೆಯಲ್ಲಿ ಕೂತು ಅರ ಹಿಡಿಯುವುದು.